ಕೋಳಿ ಕೂಗುವ ಹೊತ್ತಿನ ಹುಟ್ಟು

ಮೂರನೆಯ ಶತಮಾನದ ಹೊತ್ತಿಗೆ ರೋಮಿನ ಸಭೆಯಲ್ಲಿ ಹೊಸಬರಿಗೆ ದೀಕ್ಷಾಸ್ನಾನ ಆಗುತ್ತಿದ್ದದ್ದು ಕೋಳಿ ಕೂಗುವ ವೇಳೆಯಲ್ಲಿ. ಹಿಪ್ಪೊಲಿತನ ಹೆಸರಿನಲ್ಲಿ ಉಳಿದು ಬಂದಿರುವ ‘ಅಪೊಸ್ತಲರ ಸಂಪ್ರದಾಯ’ ಎಂಬ ಪುಟ್ಟ ಗ್ರಂಥದಲ್ಲಿ ಆ ಬೆಳಗಿನ ವಿವರ ಇದೆ. ಶನಿವಾರ ರಾತ್ರಿಯೆಲ್ಲ ಜಾಗರಣೆ, ಶಾಸ್ತ್ರವಾಚನ, ಬೋಧನೆ. ಕೋಳಿ ಕೂಗಿದ ಕೂಡಲೇ ನೀರಿನ ಮೇಲೆ ಪ್ರಾರ್ಥನೆ. ಮೊದಲು ಮಕ್ಕಳು ಇಳಿಯುತ್ತಾರೆ. ಮಾತು ಬಾರದ ಮಕ್ಕಳ ಪರವಾಗಿ ಅಪ್ಪ ಅಮ್ಮನೋ ಮನೆಯ ಬೇರೆ ಯಾರೋ ಉತ್ತರ ಕೊಡುತ್ತಾರೆ. ಆಮೇಲೆ ಗಂಡಸರು. ಕೊನೆಗೆ, ಜಡೆ ಬಿಚ್ಚಿ ಮೈಮೇಲಿನ ಒಡವೆಯನ್ನೆಲ್ಲ ತೆಗೆದಿಟ್ಟು ಹೆಂಗಸರು. ಹುಟ್ಟುವಾಗ ಯಾರೂ ಏನನ್ನೂ ತೊಟ್ಟು ಬರುವುದಿಲ್ಲವಲ್ಲ.

ಬೆಂಗಳೂರಿನ ಬಿಳೇಕಹಳ್ಳಿಯಲ್ಲಿ ನಾನು ಏಳುವುದೂ ಸುಮಾರು ಅದೇ ಹೊತ್ತಿಗೆ. ಬನ್ನೇರುಘಟ್ಟ ರಸ್ತೆ ಇನ್ನೂ ಉಸಿರಾಡುವಷ್ಟು ಬಿಡುವಾಗಿರುತ್ತದೆ. ಐಐಎಂ ಕ್ಯಾಂಪಸ್ಸಿನ ಮರಗಳಲ್ಲಿ ಹಕ್ಕಿಗಳು ಶುರುಮಾಡಿರುತ್ತವೆ, ನಂದಿನಿ ಬೂತಿನ ಮುಂದೆ ಹಾಲಿನ ಕ್ರೇಟುಗಳು ಇಳಿಯುತ್ತಿರುತ್ತವೆ. ಬೈಬಲ್ ಓದಿ ಪ್ರಾರ್ಥನೆ ಮಾಡಲು ನನಗೆ ಸಿಗುವ ಶಾಂತ ಸಮಯ ಅಷ್ಟೇ. ಈಚಿನ ಬೆಳಗುಗಳಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುತ್ತಿರುವುದು ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ. ರಾತ್ರಿಯಲ್ಲಿ ಬಂದ ನಿಕೊದೇಮನಿಗೆ, ಹೊಸದಾಗಿ ಹುಟ್ಟದೆ ದೇವರ ರಾಜ್ಯವನ್ನು ಕಾಣಲಾಗದು ಎಂದು ಯೇಸು ಹೇಳುವ ಭಾಗ ಅದು. ಮುದುಕನಾದವನು ಮತ್ತೆ ತಾಯಿಯ ಹೊಟ್ಟೆ ಸೇರಲಾದೀತೇ ಎಂದು ನಿಕೊದೇಮ ಕೇಳುತ್ತಾನೆ. ದಡ್ಡ ಪ್ರಶ್ನೆ ಎಂದು ಎಷ್ಟೋ ಬೋಧಕರು ಅದನ್ನು ತಳ್ಳಿಹಾಕಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ವಯಸ್ಸಾದ ಮೇಲೆ ಮನುಷ್ಯ ನಿಜವಾಗಿ ಬದಲಾಗಬಲ್ಲನೇ ಎಂಬ ಸಂಕಟ ಅದರೊಳಗೆ ಇದೆ. ಅರವತ್ತು ದಾಟಿದ ಯಾರಾದರೂ ತನ್ನ ಕೋಪವನ್ನೋ ಹಟವನ್ನೋ ನೋಡಿಕೊಂಡು ಕೇಳುವ ಪ್ರಶ್ನೆಯೇ ಅದು.

ಕಾರ್ಥೇಜಿನ ಸಿಪ್ರಿಯಾನ ಇದೇ ಪ್ರಶ್ನೆಯಿಂದ ನರಳಿದವನು. ಹಣವಂತ, ಊರಿನಲ್ಲಿ ಹೆಸರಾಂತ ವಾಗ್ಮಿ, ಔತಣ ಪಟ್ಟೆಪೀತಾಂಬರಗಳ ನಡುವೆ ಬೆಳೆದವನು. ಸುಮಾರು 246ರಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ ಗೆಳೆಯ ದೊನಾತನಿಗೆ ಬರೆದ ಪತ್ರದಲ್ಲಿ ಅವನು ತನ್ನ ಹಿಂದಿನ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಹುಟ್ಟುಗುಣವಾಗಿಯೋ ಅಭ್ಯಾಸಬಲದಿಂದಲೋ ಮೈಗಂಟಿದ್ದನ್ನು ಒಂದು ಸ್ನಾನ ಕಳಚೀತು ಎಂದು ಅವನಿಗೆ ನಂಬಿಕೆಯೇ ಬಂದಿರಲಿಲ್ಲವಂತೆ. ದೊಡ್ಡ ಊಟಕ್ಕೆ ಒಗ್ಗಿದವನು ಮಿತವಾಗಿ ಉಣ್ಣುವುದು ಹೇಗೆ, ಸುತ್ತ ಆಳುಕಾಳುಗಳಿಲ್ಲದೆ ಬದುಕಲಾರದವನು ಸಾಮಾನ್ಯರಂತೆ ನಡೆಯುವುದು ಹೇಗೆ ಎಂದು ಕೈಚೆಲ್ಲಿ, ತನ್ನ ದೋಷಗಳನ್ನು ತನ್ನ ಮನೆಮಕ್ಕಳಂತೆ ಪೋಷಿಸುತ್ತ ಕೂತಿದ್ದನಂತೆ. ಆಮೇಲೆ ಬದಲಾವಣೆ ಬಂತು. ಬಂದದ್ದು ತನ್ನ ಶಕ್ತಿಯಿಂದ ಅಲ್ಲ, ದೇವರ ಕೊಡುಗೆಯಾಗಿ ಎಂದು ಒತ್ತಿ ಹೇಳುತ್ತಾನೆ.

ಪತ್ರದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ನಾನು ಅವನನ್ನು ನಂಬುವುದು ಮುಂದೆ ನಡೆದದ್ದನ್ನು ನೋಡಿ. ಅವನು ತನ್ನ ಆಸ್ತಿಯಲ್ಲಿ ಬಹುಪಾಲನ್ನು ಬಡವರಿಗಾಗಿ ಬಿಟ್ಟುಕೊಟ್ಟ. ಕೆಲವೇ ವರ್ಷಗಳಲ್ಲಿ ಕಾರ್ಥೇಜಿಗೆ ಭೀಕರ ಸಾಂಕ್ರಾಮಿಕ ಬಂತು. ರೋಗಿಗಳನ್ನು ಮನೆಯವರೇ ಬೀದಿಗೆ ಹಾಕುತ್ತಿದ್ದ ಕಾಲದಲ್ಲಿ, ಅಷ್ಟರಲ್ಲಿ ಬಿಷಪ್ ಆಗಿದ್ದ ಅವನು ತನ್ನ ಸಭೆಯವರನ್ನು ಆರೈಕೆಗೆ ಕಳಿಸಿದ, ನಮ್ಮವರನ್ನಷ್ಟೇ ನೋಡಿಕೊಂಡರೆ ಸಾಲದು ಎಂದು ಬೋಧಿಸಿದ. 258ರ ಸೆಪ್ಟೆಂಬರ್ 14ರಂದು ಅವನ ತಲೆ ಕಡಿದರು. ಹೊಸ ಹುಟ್ಟು ಆದದ್ದು ನೀರಿನಲ್ಲಿ. ಅದು ಉಳಿದವರಿಗೆ ಕಂಡದ್ದು ಆ ರೋಗದ ಬೀದಿಗಳಲ್ಲಿ.

ನೀರಿನ ಮಾತು ಇನ್ನೊಂದಿದೆ. ಮೊದಲ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ ‘ದಿದಾಖೆ’ ಎಂಬ ಕೈಪಿಡಿಯಲ್ಲಿ ದೀಕ್ಷಾಸ್ನಾನದ ಬಗ್ಗೆ ಸೂಚನೆ ಬಹಳ ಚಿಕ್ಕದು. ಹರಿಯುವ ನೀರಿದ್ದರೆ ಅದರಲ್ಲಿ ಕೊಡಿ. ಇಲ್ಲದಿದ್ದರೆ ಬೇರೆ ನೀರಾದೀತು. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಸಾಕಷ್ಟು ಇಲ್ಲವೇ, ತಲೆಯ ಮೇಲೆ ಮೂರು ಸಲ ಸುರಿಯಿರಿ. ಮುಳುಗಿಸಬೇಕೋ ಸುರಿಯಬೇಕೋ ಎಂದು ಮುಂದೆ ಸಭೆಗಳು ಒಡೆದು ಹೋದದ್ದನ್ನು ನೆನೆದರೆ ಈ ಉದಾರತೆ ನನ್ನ ಕಣ್ಣು ತೇವ ಮಾಡುತ್ತದೆ. ನಮ್ಮ ಭಾಗದಲ್ಲಿ ಹರಿಯುವ ನೀರೆಂಬುದು ಎಲ್ಲಿದೆ? ಕಾವೇರಿ ಬರುವುದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಪಂಪಿನಲ್ಲಿ ಮೇಲೆತ್ತಿ, ಕೊಳಾಯಿಯಲ್ಲಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಬೆಂಗಳೂರಿನ ಎಷ್ಟೋ ಬಡಾವಣೆಗಳು ಟ್ಯಾಂಕರ್ ದಾರಿ ಕಾಯುತ್ತ ಕೂತಿದ್ದವು. ಬಾಡಿಗೆ ಮಹಡಿಯಲ್ಲಿ ಸೇರುವ ಸಣ್ಣ ಸಭೆಗಳು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಟ್ಯಾಂಕರ್ ನೀರು ತುಂಬಿಸಿಕೊಂಡು ದೀಕ್ಷಾಸ್ನಾನ ಕೊಡುವುದನ್ನು ಕಂಡು ಮುಖ ಸಿಂಡರಿಸುವವರು ಇದ್ದಾರೆ. ಆ ಹಳೆಯ ಕೈಪಿಡಿ ಬರೆದವರು ಖಂಡಿತ ಸಿಂಡರಿಸುತ್ತಿರಲಿಲ್ಲ.

ಬಾಡಿಗೆ ಮಹಡಿಯೂ ಹೊಸದಲ್ಲ. ಸಿರಿಯಾದಲ್ಲಿ ಯೂಫ್ರೆಟಿಸ್ ದಂಡೆಯ ದೂರಾ-ಯೂರೋಪಸ್ ಎಂಬ ಕೋಟೆಯೂರಿನಲ್ಲಿ 1930ರ ದಶಕದ ಆರಂಭದಲ್ಲಿ ಉತ್ಖನನ ನಡೆಸಿದವರಿಗೆ ಒಂದು ಮಾಮೂಲಿ ಮನೆ ಸಿಕ್ಕಿತು. ನಡುಗೋಡೆ ಕೆಡವಿ ಎರಡು ಕೋಣೆಗಳನ್ನು ಒಂದು ಮಾಡಿಕೊಂಡಿದ್ದರು. ಸಭೆ ಸೇರುತ್ತಿದ್ದದ್ದು ಅಲ್ಲಿ. ಪಕ್ಕದ ಚಿಕ್ಕ ಕೋಣೆಯಲ್ಲಿ ಒಂದು ತೊಟ್ಟಿ. ಅದರ ಮೇಲೆ ಕಮಾನು, ಕಮಾನಿನ ಒಳಮೈಗೆ ನಕ್ಷತ್ರಗಳ ಚಿತ್ರ. ಹಿಂದಿನ ಗೋಡೆಯಲ್ಲಿ ಕುರಿಯನ್ನು ಹೆಗಲ ಮೇಲೆ ಹೊತ್ತ ಕುರುಬ. ಉಳಿದ ಗೋಡೆಗಳಲ್ಲಿ ದೀಪ ಹಿಡಿದು ಸಾಲಾಗಿ ನಡೆದು ಬರುವ ಹೆಂಗಸರು, ಬಾವಿಯಲ್ಲಿ ನೀರು ಸೇದುವ ಹೆಣ್ಣು, ಹಾಸಿಗೆಯನ್ನು ಬೆನ್ನ ಮೇಲೆ ಹೊತ್ತು ಹೊರಟ ಪಾರ್ಶ್ವವಾಯುವಿನ ರೋಗಿ. 256ರ ಸುಮಾರಿಗೆ ಪರ್ಷಿಯನ್ನರ ಮುತ್ತಿಗೆಗೆ ಹೆದರಿ ಊರವರು ಕೋಟೆಗೋಡೆ ಬಲಪಡಿಸಲು ಆ ಸಾಲಿನ ಮನೆಗಳೊಳಗೆಲ್ಲ ಮಣ್ಣು ತುಂಬಿಸಿದರು. ಊರು ಬಿತ್ತು, ಚಿತ್ರಗಳು ಮಣ್ಣಿನಡಿಯಲ್ಲಿ ಉಳಿದವು. ಈಗ ಅವು ಯೇಲ್ ವಿಶ್ವವಿದ್ಯಾಲಯದಲ್ಲಿವೆ. ಆ ಕೋಣೆಯ ಅಳತೆ ನಮ್ಮ ಅಪಾರ್ಟ್‌ಮೆಂಟುಗಳ ಒಂದು ದೊಡ್ಡ ಬೆಡ್‌ರೂಮಿನಷ್ಟೇ. ರಾತ್ರಿ ಎಣ್ಣೆದೀಪದ ಬೆಳಕಿನಲ್ಲಿ ಒಬ್ಬ ಮನುಷ್ಯ ಆ ನಕ್ಷತ್ರಗಳ ಕೆಳಗೆ ಬಗ್ಗಿ ನಿಂತದ್ದನ್ನು, ಸುತ್ತ ಹತ್ತಿಪ್ಪತ್ತು ಜನ ಒತ್ತಿಕೊಂಡು ನಿಂತದ್ದನ್ನು ನಾನು ಎಷ್ಟೋ ಬೆಳಗುಗಳಲ್ಲಿ ಊಹಿಸಿಕೊಂಡಿದ್ದೇನೆ.

ಒಂಟಿಯಾಗಿ ಅಲ್ಲಿ ಯಾರೂ ಹುಟ್ಟಲಿಲ್ಲ. ನನ್ನ ಮನಸ್ಸನ್ನು ಹಿಡಿದಿರುವುದು ಇದೇ. ಹೊಸ ಹುಟ್ಟು ಎಂದರೆ ಇವತ್ತು ನಮ್ಮ ಕಿವಿಗೆ ಬೀಳುವುದು ಬಹುಮಟ್ಟಿಗೆ ಒಬ್ಬೊಬ್ಬರ ಅನುಭವ. ಇಂಥ ದಿನ, ಇಂಥ ಕೂಟದಲ್ಲಿ, ಇಂಥ ಹಾಡು ನಡೆಯುತ್ತಿದ್ದಾಗ ಕಣ್ಣೀರು ಬಂತು, ಅಂದಿನಿಂದ ಹೊಸಬನಾದೆ ಎಂಬ ಸಾಕ್ಷಿ. ಆ ಕಣ್ಣೀರನ್ನು ನಾನು ಹಗುರ ಮಾಡುವುದಿಲ್ಲ. ಅಂಥ ರಾತ್ರಿಗಳು ಎಷ್ಟೋ ಮನೆಗಳನ್ನು ಕುಡಿತದಿಂದ ಬಿಡಿಸಿವೆ. ಆದರೆ ಯಾವ ಮಗುವೂ ತನ್ನನ್ನು ತಾನೇ ಹೆತ್ತುಕೊಳ್ಳುವುದಿಲ್ಲ. ಹೆರುವವಳು ಬೇಕು, ಎತ್ತಿಕೊಳ್ಳುವ ಕೈ ಬೇಕು, ಹೆಸರು ಹಿಡಿದು ಕರೆಯುವ ಮನೆ ಬೇಕು. ಗುರುವಿನ ಕೈಯಲ್ಲಿ ಹುಟ್ಟಿದವನು ಎಂಬ ಮಾತು ಶರಣರ ನಾಡಿಗೆ ಹೊಸದಲ್ಲ. ಈ ಭಾವ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದದ್ದೂ ಅಲ್ಲ. ಇಲ್ಲಿ ಹೊಸ ಹುಟ್ಟು ಸಾವಿನ ಆಚೆಯ ಇನ್ನೊಂದು ಜನ್ಮವೂ ಅಲ್ಲ. ಅದೇ ಮೈ, ಅದೇ ಬೀದಿ, ಅದೇ ಸಾಲ, ಅದೇ ನೆರೆಹೊರೆ.

ಜಸ್ಟಿನ್ ಇದನ್ನು ಇನ್ನೊಂದು ದಿಕ್ಕಿನಿಂದ ನೋಡಿದ್ದ. ಸುಮಾರು 155ರಲ್ಲಿ ರೋಮಿನಿಂದ ಅಂತೊನಿನಸ್ ಪಯಸ್ ಚಕ್ರವರ್ತಿಗೆ ಸಲ್ಲಿಸಿದ ವಿಜ್ಞಾಪನೆಯಲ್ಲಿ ಅವನು ಕ್ರೈಸ್ತರ ಸ್ನಾನವನ್ನು ವಿವರಿಸುತ್ತಾನೆ: ಮೊದಲ ಹುಟ್ಟಿನಲ್ಲಿ ನಮ್ಮ ಅರಿವೂ ಇರಲಿಲ್ಲ, ಆಯ್ಕೆಯೂ ಇರಲಿಲ್ಲ, ಎರಡನೆಯದು ಅರಿತು, ಒಪ್ಪಿ ಆಗುವಂಥದ್ದು. ಆದರೆ ಅದೇ ಕಡೆ, ನೀರಿಗಿಳಿಯುವವನ ಜೊತೆ ನಾವೂ ಉಪವಾಸ ಮಾಡುತ್ತೇವೆ, ಪ್ರಾರ್ಥಿಸುತ್ತೇವೆ ಎಂದೂ ಬರೆಯುತ್ತಾನೆ. ಒಪ್ಪಿಗೆ ಅವನದು, ಉಪವಾಸ ಎಲ್ಲರದು.

ರೋಮಿನ ಸಭೆ ಹೊಸಬರನ್ನು ಮೂರು ವರ್ಷ ಕಾಯಿಸುತ್ತಿತ್ತು. ಅವರನ್ನು ಕರೆತಂದವರೇ ಅವರ ಬಗ್ಗೆ ಮಾತು ಕೊಡಬೇಕಿತ್ತು. ಕಸುಬನ್ನೂ ವಿಚಾರಿಸುತ್ತಿದ್ದರು: ವೇಶ್ಯಾಗೃಹ ನಡೆಸುವವನು, ಅಖಾಡದಲ್ಲಿ ಮನುಷ್ಯರನ್ನು ಕೊಲ್ಲುವ ಕಟ್ಟಾಳು ತಮ್ಮ ಕೆಲಸ ಬಿಡಲೇಬೇಕು. ಮಕ್ಕಳಿಗೆ ಪಾಠ ಹೇಳುವ ಮೇಷ್ಟರು, ಪಾಠದಲ್ಲಿ ಅನ್ಯದೇವತೆಗಳ ಕಥೆ ಬರುವುದರಿಂದ, ಬಿಟ್ಟರೆ ಒಳ್ಳೆಯದು. ಬೇರೆ ಜೀವನೋಪಾಯ ಇಲ್ಲದಿದ್ದರೆ ಇರಲಿ. ಕಟ್ಟುನಿಟ್ಟಿನ ಆ ಪಟ್ಟಿಯ ನಡುವೆ ಒಬ್ಬ ಬಡಮೇಷ್ಟರ ಹೊಟ್ಟೆಪಾಡನ್ನು ಯಾರೋ ನೆನೆದಿದ್ದಾರೆ. ಕಾಲಾವಧಿಯ ವಿಷಯದಲ್ಲೂ ಹಾಗೆಯೇ: ಒಬ್ಬನಲ್ಲಿ ನಿಜವಾದ ಆಸಕ್ತಿ ಕಂಡರೆ ವರ್ಷ ಎಣಿಸಬೇಡಿ, ನಡತೆ ನೋಡಿ ಎನ್ನುತ್ತದೆ ‘ಅಪೊಸ್ತಲರ ಸಂಪ್ರದಾಯ’.

ಇನ್ನು ಕೊನೆಯ ಪರೀಕ್ಷೆ. ಮೂರು ವರ್ಷ ಕಲಿತವನನ್ನು ಆಯ್ಕೆ ಮಾಡುವ ಮುಂಚೆ ಸಭೆ ವಿಚಾರಿಸುತ್ತಿದ್ದ ಸಂಗತಿಗಳು ಇವು: ವಿಧವೆಯರನ್ನು ಗೌರವದಿಂದ ಕಂಡನೇ? ರೋಗಿಗಳನ್ನು ಹೋಗಿ ನೋಡಿದನೇ? ಒಳ್ಳೆಯ ಕೆಲಸಗಳನ್ನು ಮಾಡಿದನೇ? ಉತ್ತರ ಕೊಡಬೇಕಾದವನು ಅವನಲ್ಲ, ಅವನನ್ನು ಕರೆತಂದವನು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತೆ. ನೀನು ಹೊಸದಾಗಿ ಹುಟ್ಟಿದ್ದೀಯಾ ಎಂದು ನಾವು ಆಯಾ ಮನುಷ್ಯನನ್ನೇ ಕೇಳುತ್ತೇವೆ. ಅವರು ಪಕ್ಕದವನನ್ನು ಕೇಳುತ್ತಿದ್ದರು.

ಆಮೇಲೆ ಪಡುವಣಕ್ಕೆ ಮುಖಮಾಡಿ ಸೈತಾನನನ್ನು ನಿರಾಕರಿಸುವುದು, ಮೂಡಣಕ್ಕೆ ತಿರುಗಿ ನಂಬಿಕೆ ಅರಿಕೆ ಮಾಡುವುದು. ಇದು ನಾಲ್ಕನೆಯ ಶತಮಾನದ ಯೆರೂಸಲೇಮಿನ ಪದ್ಧತಿ. ಅಲ್ಲಿಯ ಬಿಷಪ್ ಸಿರಿಲ್ ಆ ನೀರನ್ನು ಒಟ್ಟಿಗೇ ಸಮಾಧಿಗೂ ತಾಯಿಗೂ ಹೋಲಿಸಿದ. ಪೌಲನು ರೋಮಿನವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದ ಬೋಧನೆಯೂ ಅದೇ: ಕ್ರಿಸ್ತನೊಡನೆ ಹೂಣಲ್ಪಟ್ಟು, ಅವನೊಡನೆ ಎದ್ದು ಹೊಸ ಬಾಳು ನಡೆಸುವುದು. ರೋಮಿನಲ್ಲಿ ನೀರಿನಿಂದ ಎದ್ದವರಿಗೆ ಎಣ್ಣೆ ಹಚ್ಚಿ, ಬಟ್ಟೆ ತೊಡಿಸಿ, ಸಭೆಯ ನಡುವೆ ಕರೆತಂದು, ಮೊದಲ ಪ್ರಭುಭೋಜನದಲ್ಲಿ ರೊಟ್ಟಿ ದ್ರಾಕ್ಷಾರಸದ ಜೊತೆ ಹಾಲು ಜೇನು ಬೆರೆಸಿದ ಒಂದು ಬಟ್ಟಲನ್ನೂ ಕೊಡುತ್ತಿದ್ದರು. ವಾಗ್ದಾನದ ನಾಡಿನ ಹಾಲು ಜೇನು ಅದು. ಎಳೆಗೂಸಿಗೆ ಕುಡಿಸುವ ಹಾಲೂ ಅದೇ. ಎದುರು ನಿಂತವನಿಗೆ ನಲವತ್ತು ವರ್ಷವಿರಬಹುದು, ಗಡ್ಡ ನರೆತಿರಬಹುದು. ಆ ಬೆಳಗಿಗೆ ಸಭೆಯ ಕಣ್ಣಿನಲ್ಲಿ ಅವನು ಕೂಸು.

ಕೂಸು ಬೀಳುತ್ತದೆ ಎಂಬುದೂ ಬೇಗನೆ ಗೊತ್ತಾಯಿತು. 250ರಲ್ಲಿ ಚಕ್ರವರ್ತಿ ದೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಹೊಸ ಹುಟ್ಟು ಪಡೆದ ಎಷ್ಟೋ ಜನ ಹೆದರಿ ಅರ್ಪಿಸಿದರು, ಕೆಲವರು ದುಡ್ಡು ಕೊಟ್ಟು ಅರ್ಪಿಸಿದ ಚೀಟಿ ಮಾಡಿಸಿಕೊಂಡರು. ಗಲಭೆ ತಣ್ಣಗಾದ ಮೇಲೆ ಅಳುತ್ತ ಬಾಗಿಲಿಗೆ ಬಂದರು. ರೋಮಿನ ನೊವಾತಿಯಾನ, ಇವರನ್ನು ಸಭೆ ಮತ್ತೆ ಸೇರಿಸುವ ಹಾಗಿಲ್ಲ ಎಂದ. ಸಿಪ್ರಿಯಾನ ಮತ್ತು ಅವನ ಜೊತೆಯ ಬಿಷಪ್ಪರು, ಎರಡನೆಯ ಸಲ ದೀಕ್ಷಾಸ್ನಾನ ಇಲ್ಲ, ಆದರೆ ಪಶ್ಚಾತ್ತಾಪದ ದಾರಿಯಲ್ಲಿ ನಡೆದು ಮನೆಗೆ ಬರಬಹುದು ಎಂದರು. ಆದಿಸಭೆ ಮಾಡಿದ ಅತ್ಯಂತ ಕರುಣೆಯ ತೀರ್ಮಾನಗಳಲ್ಲಿ ಇದೊಂದು ಎಂದು ನಾನು ನಂಬುತ್ತೇನೆ. ಹುಟ್ಟು ಒಂದೇ ಸಲ. ಬಿದ್ದ ಮಗುವನ್ನು ಎತ್ತಿಕೊಳ್ಳುವುದಕ್ಕೆ ಲೆಕ್ಕವಿಲ್ಲ. 387ರ ಈಸ್ಟರ್ ಹಬ್ಬದಲ್ಲಿ ಮಿಲಾನಿನಲ್ಲಿ ಅಂಬ್ರೋಸನ ಕೈಯಲ್ಲಿ ಮಗನ ಜೊತೆಗೇ ದೀಕ್ಷಾಸ್ನಾನ ಪಡೆದ ಅಗಸ್ಟೀನ ಕೂಡ, ಬಿಷಪ್ ಆದ ಮೇಲೆಯೂ, ಹಳೆಯ ಆಸೆಗಳು ಕನಸಿನಲ್ಲಿ ಬಂದು ಕಾಡುತ್ತವೆ ಎಂದು ತನ್ನ ‘ಕನ್ಫೆಶನ್ಸ್’ ಗ್ರಂಥದಲ್ಲಿ ದೇವರ ಮುಂದೆ ಒಪ್ಪಿಕೊಂಡಿದ್ದಾನೆ.

ಕನ್ನಡ ನಾಡಿನಲ್ಲಿ ಇದೆಲ್ಲ ಮತ್ತೊಮ್ಮೆ ನಡೆಯಿತು, ನಮ್ಮದೇ ಆದಿಸಭೆಯ ಕಾಲದಲ್ಲಿ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷದ ಮೇಲೆ, 1844ರ ಜನವರಿಯಲ್ಲಿ, ಆ ಮಿಷನ್ನಿನ ಹರ್ಮನ್ ಮೋಗ್ಲಿಂಗರ ಶಿಷ್ಯ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ದೀಕ್ಷಾಸ್ನಾನ ಪಡೆದ. ಊರಲ್ಲಿ ದೊಡ್ಡ ಗದ್ದಲವಾಯಿತು. ಮನೆ ಹೋಯಿತು, ಜಾತಿ ಹೋಯಿತು, ಹೆಂಡತಿಯನ್ನು ಆಕೆಯ ಕಡೆಯವರು ಕಳಿಸಲಿಲ್ಲ. ಗುರುವಿನ ಹೆಸರನ್ನು ಮುಂದಿಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡ ಅವರು ಗೋತ್ರದ ಹೆಸರನ್ನು ಮಾತ್ರ ಬಿಡಲಿಲ್ಲ. ಬಾಸೆಲ್‌ಗೆ ಹೋಗಿ ಕಲಿತು, ಪಾದ್ರಿಯಾಗಿ ಹಿಂದಿರುಗಿ, ಮಂಗಳೂರಿನ ದೇವಶಾಸ್ತ್ರ ಶಾಲೆಯಲ್ಲಿ ಕನ್ನಡದ ಹುಡುಗರಿಗೆ ವರ್ಷಗಟ್ಟಲೆ ಪಾಠ ಹೇಳಿದರು, ತೀರಿಕೊಂಡದ್ದು 1893ರಲ್ಲಿ.

ಆ ಕಾಲದಲ್ಲಿ ಹೀಗೆ ಸೇರಿದವರಿಗೆ ಊರಿನ ಬಾವಿಯಿಲ್ಲ, ಕೂಲಿಯಿಲ್ಲ, ಇರಲು ಸೂರಿಲ್ಲ. ಮಿಷನ್ನಿನವರು ಮಗ್ಗ ಹಾಕಿದ್ದು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದ್ದು ಈ ಒತ್ತಡದಿಂದಲೇ. ಮಂಗಳೂರು ಹೆಂಚನ್ನು ನೋಡಿದಾಗೆಲ್ಲ ನನಗೆ ರೋಮಿನ ಹಾಲುಜೇನಿನ ಬಟ್ಟಲು ನೆನಪಾಗುತ್ತದೆ. ಹುಟ್ಟಿಸಿದ ಮೇಲೆ ಸಾಕಬೇಕಲ್ಲ. ಆ ಸಾಕಣೆಯಲ್ಲಿ ದೊಡ್ಡಸ್ತಿಕೆ ಇತ್ತು, ದೊರೆತನ ಇತ್ತು, ಕೂಲಿಯವರನ್ನು ಮಿಷನ್ನಿಗೇ ಕಟ್ಟಿಹಾಕುವ ಅಪಾಯವೂ ಇತ್ತು; ಅದನ್ನು ಇತಿಹಾಸಕಾರರು ಹೇಳಬೇಕು, ಹೇಳುತ್ತಿದ್ದಾರೆ. ಆದರೂ, ನೀರಿಗಿಳಿಸಿ ಬೀದಿಯಲ್ಲಿ ಬಿಟ್ಟುಹೋಗಲಿಲ್ಲ ಎಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಕೌಂಡಿನ್ಯರ ಕಥೆಯಲ್ಲಿ ನನ್ನನ್ನು ಕಲಕುವುದು ಆ ಹೆಂಡತಿ. ಗಂಡನ ಹೊಸ ಹುಟ್ಟಿನ ಬೆಲೆಯನ್ನು ಅವಳೂ ತೆತ್ತಳು.

ನಿಕೊದೇಮನಿಗೂ ಒಂದು ರಾತ್ರಿಯಲ್ಲಿ ಎಲ್ಲ ಆಗಲಿಲ್ಲ. ಯೋಹಾನನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಹಿರೀಸಭೆಯ ಮುಂದೆ, ವಿಚಾರಣೆಯಿಲ್ಲದೆ ಒಬ್ಬನಿಗೆ ತೀರ್ಪು ಕೊಡಬಹುದೇ ಎಂದು ಅಂಜುತ್ತಲೇ ಒಂದು ಮಾತು ಎತ್ತುತ್ತಾನೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಶಿಷ್ಯರೇ ಚದುರಿಹೋದ ಹೊತ್ತಿನಲ್ಲಿ, ಮೂವತ್ತು ಕಿಲೋಗೂ ಮೀರಿದ ರಕ್ತಬೋಳ ಅಗರು ಹೊರಿಸಿಕೊಂಡು ಶಿಲುಬೆಯಿಂದ ಇಳಿಸಿದ ದೇಹದ ಬಳಿಗೆ ಬರುತ್ತಾನೆ. ಅವನು ಹೊಸದಾಗಿ ಹುಟ್ಟಿದ್ದು ಈ ಮೂರರಲ್ಲಿ ಯಾವಾಗ ಎಂದು ಯೋಹಾನ ಬರೆಯುವುದಿಲ್ಲ. ಬರೆಯದೆ ಬಿಟ್ಟದ್ದೇ ನನ್ನಂಥ ನಿಧಾನಿಗಳಿಗೆ ದೊಡ್ಡ ಉಪಕಾರ.

ಇದನ್ನೆಲ್ಲ ಇಷ್ಟು ದಿನದಿಂದ ಧ್ಯಾನಿಸಲು ಒಂದು ಕಾರಣವಿದೆ. ಗದಗ ಕಡೆಯಿಂದ ಬಂದು ನಮ್ಮ ಬೀದಿಯ ಪಿಜಿಯಲ್ಲಿರುವ ಒಬ್ಬ ಹುಡುಗ ನಮ್ಮ ಸಭೆಗೆ ಬರುತ್ತಾನೆ. ಬರುವ ಈಸ್ಟರ್‌ಗೆ ದೀಕ್ಷಾಸ್ನಾನ ಪಡೆಯಬೇಕೆಂಬ ಆಸೆ ಅವನಿಗೆ. “ಅಂಕಲ್, ಆವತ್ತು ನನ್ನ ಪರವಾಗಿ ನೀವು ನಿಲ್ತೀರಾ?” ಎಂದು ಕೇಳಿದ. ಅವನಿಗೆ ವಾಕ್ಯಗಳು ಹೆಚ್ಚು ಬಾಯಿಪಾಠ ಬರುವುದಿಲ್ಲ. ಆದರೆ ನಮ್ಮ ಮೇಲಿನ ಮನೆಯ ವೃದ್ಧರಿಗೆ ಡೆಂಗಿ ಆದಾಗ, ಅವರ ಮಕ್ಕಳು ಪರದೇಶದಲ್ಲಿದ್ದಾಗ, ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಬೆಳಿಗ್ಗೆ ಕೆಲಸಕ್ಕೆ ಹೋದವನು ಇವನು. ಅವರು ನಮ್ಮ ಸಭೆಯವರಲ್ಲ, ಅವನ ಭಾಷೆಯವರೂ ಅಲ್ಲ. ರೋಗಿಗಳನ್ನು ನೋಡಿದನೇ ಎಂದು ಸಭೆಯ ಅಯ್ಯನವರು ಕೇಳಿದರೆ ನಾನು ಎದ್ದು ನಿಂತು ಹೌದು ಎನ್ನಬಲ್ಲೆ.

ಅವನ ತಾಯಿಗೆ ಮಾತ್ರ ಭಯ. ಮಗ ಕೈತಪ್ಪಿ ಹೋದ ಎಂದು ಫೋನಿನಲ್ಲಿ ಅತ್ತರಂತೆ. ಈ ವಾರ ಅವರು ಊರಿನಿಂದ ಬರುತ್ತಿದ್ದಾರೆ, ನಮ್ಮ ಮನೆಯಲ್ಲೇ ಉಳಿದುಕೊಳ್ಳಲಿ ಎಂದು ನನ್ನ ಹೆಂಡತಿ ಹೇಳಿ ಕಳಿಸಿದ್ದಾಳೆ. ಅವರ ಮಾತನ್ನು ನಾವು ಪೂರ್ತಿ ಕೇಳಬೇಕು. ಮಗ ಅವರ ಮಗನಾಗಿಯೇ ಇರುತ್ತಾನೆ ಎಂಬುದು ಅವರಿಗೆ ನಮ್ಮ ಮಾತಿನಿಂದ ಅಲ್ಲ, ಅವನ ನಡೆಯಿಂದ ಗೊತ್ತಾಗಬೇಕು. ಅವರ ಮನಸ್ಸು ಒಪ್ಪದಿದ್ದರೆ ಇನ್ನೊಂದು ಈಸ್ಟರ್‌ವರೆಗೆ ಕಾಯೋಣ ಎಂದು ಹುಡುಗನಿಗೆ ಹೇಳಿದ್ದೇನೆ. ರೋಮಿನವರು ಮೂರು ವರ್ಷ ಕಾಯುತ್ತಿದ್ದರು ಎಂದೂ ಹೇಳಿದೆ.